ಕಲಿಯಲು ಸೇರಿ ಎರಡು ತಿಂಗಳಾದ ಹುಡುಗನಿಗೆ ಗೊತ್ತಾಗುವ ಸ್ಟಾಲ್, ಹತ್ತು ಸಾವಿರ ತಾಸು ಹಾರಿದವರಿಗೆ ಯಾಕೆ ಗೊತ್ತಾಗಲಿಲ್ಲ?

ಸಾಂಬ್ರಾಬೈಲು (ಚರ್ಚೆ ಶುರು ಮಾಡಿದವರು)

ನಮ್ಮ ಮನೆ ಬೆಳಗಾವಿಯ ಸಾಂಬ್ರಾ ಏರ್‌ಪೋರ್ಟ್ ಹತ್ತಿರ. ಬೆಳಿಗ್ಗೆ ಚಹಾ ಕುಡಿಯುವಾಗ ತಲೆ ಮೇಲೆ ತರಬೇತಿ ವಿಮಾನ ಗುಂಯ್ ಅಂತಿರುತ್ತದೆ. ತಂಗಿ ಮಗ ಪೈಲಟ್ ಆಗುತ್ತೇನೆ ಅಂತ ಸೇರಿ ಎರಡು ತಿಂಗಳಾಯಿತು. ಮೊನ್ನೆ ಭಾನುವಾರ ಊಟಕ್ಕೆ ಬಂದವನು "ಮಾಮಾ, ಈ ವಾರ ಸ್ಟಾಲ್ ಮಾಡಿದೆ" ಅಂದ. ಅಡಿಗೆಮನೆಯಿಂದ ನಮ್ಮವ್ವ "ಎಲ್ಲಿ, ಚಹಾದ್ದಾ?" ಅಂದಳು.

ಅವನು ತಟ್ಟೆಯಲ್ಲಿದ್ದ ಕಡಕ್ ರೊಟ್ಟಿ ಎತ್ತಿ ಅದನ್ನೇ ರೆಕ್ಕೆ ಮಾಡಿ ತೋರಿಸಿದ. ಮೇಲೆ ಹೋಗುವುದು, ಪವರ್ ಇಳಿಸುವುದು, ಯೋಕ್ ಎಳೆಯುತ್ತಾ ಮೂಗು ಎತ್ತುವುದು. ಯೋಕ್ ಅಂದರೆ ಅವರ ಸ್ಟೇರಿಂಗ್. ಸ್ಪೀಡ್ ಕರಗುತ್ತದೆ. ಪೀಂ ಅಂತ ಹಾರ್ನ್ ಶುರುವಾಗುತ್ತದೆ. ವಿಮಾನ ನಡುಗುತ್ತದೆ, ಆಮೇಲೆ ಮೂಗು ತಾನಾಗಿ ದಬಕ್ಕನೆ ಕೆಳಗೆ. ಯೋಕ್ ಮುಂದೆ ಬಿಟ್ಟು ಪವರ್ ಕೊಟ್ಟರೆ ಮತ್ತೆ ಹಾರುತ್ತದೆ. "ಎರಡನೇ ಸಲ ಹೆದರಿಕೆನೇ ಆಗಲಿಲ್ಲ" ಅಂದ.

ಆ ಹಾರ್ನ್ ಕಥೆ ಮಜಾ ಇದೆ. ಇವನು ಹಾರಿಸುವ ಸೆಸ್ನಾ 172ರಲ್ಲಿ ಅದಕ್ಕೆ ಕರೆಂಟೇ ಬೇಡ. ಎಡ ರೆಕ್ಕೆಯ ಮುಂದಿನ ಅಂಚಿನಲ್ಲಿ ಒಂದು ಸಣ್ಣ ಕಿಂಡಿ. ಮೂಗು ಜಾಸ್ತಿ ಎದ್ದಾಗ ಅಲ್ಲಿ ಒತ್ತಡ ಇಳಿದು ಒಳಗಿನ ಗಾಳಿಯನ್ನು ಹೀರುತ್ತದೆ, ರೀಡ್ ಕೂಗುತ್ತದೆ. ನಮ್ಮ ಹಾರ್ಮೋನಿಯಂ ಇದ್ದ ಹಾಗೆ. ಹಾರುವ ಮುಂಚೆ ಕಿಂಡಿ ಮೇಲೆ ಕರ್ಚೀಫ್ ಇಟ್ಟು ಬಾಯಿಂದ ಗಾಳಿ ಎಳೆದು ನೋಡಬೇಕಂತೆ, ಕೂಗುತ್ತದೋ ಇಲ್ಲವೋ ಅಂತ.

ರಾತ್ರಿ ಮಲಗಿದಾಗ ತಲೆಯಲ್ಲಿ ಒಂದೇ ಹುಳ. 2009ರ ಜೂನ್ 1, ಏರ್ ಫ್ರಾನ್ಸ್ 447. ರಿಯೋದಿಂದ ಪ್ಯಾರಿಸ್‌ಗೆ ಹೊರಟ ಏರ್‌ಬಸ್ ಎ330, ಒಳಗೆ 228 ಜನ, ಅಟ್ಲಾಂಟಿಕ್ ಪಾಲು. ಕಾಕ್‌ಪಿಟ್‌ನಲ್ಲಿ ಮಷೀನೇ "ಸ್ಟಾಲ್, ಸ್ಟಾಲ್" ಅಂತ 70ಕ್ಕೂ ಜಾಸ್ತಿ ಸಲ ಕೂಗಿದೆ. ಕ್ಯಾಪ್ಟನ್ ಹತ್ತಿರ ಹತ್ತಿರ 11,000 ತಾಸು ಹಾರಿದವನು. ನಾಲ್ಕು ನಿಮಿಷಕ್ಕೂ ಮೇಲೆ ಸಮಯ ಇತ್ತು. ಆದರೂ ಮೂವರಲ್ಲಿ ಒಬ್ಬರ ಬಾಯಲ್ಲೂ ಆ ಪದ ಬರಲಿಲ್ಲ. ಹೇಗೆ ಸಾಧ್ಯ? ಬಲ್ಲವರು ಹೇಳಿ.

ಘಟಪ್ರಭಾದಂಡೆ

ಬಾಗಲಕೋಟೆಯಲ್ಲಿ ಫಿಸಿಕ್ಸ್ ಮೇಷ್ಟ್ರು ನಾನು. ಮೊದಲು ಒಂದು ಗಂಟು ಬಿಡಿಸೋಣ. ಬೈಕ್ ಬಂದ್ ಬಿದ್ದರೂ ಸ್ಟಾಲ್ ಅಂತೀವಿ. ವಿಮಾನದ ಸ್ಟಾಲ್ ಇಂಜಿನ್‌ದಲ್ಲ, ರೆಕ್ಕೆಯದು. ರೆಕ್ಕೆ ಎದುರು ಗಾಳಿಗೆ ಇಷ್ಟು ಕೋನದಲ್ಲಿ ಇರಬೇಕು ಅಂತ ಒಂದು ಮಿತಿ ಇದೆ. ಸಣ್ಣ ವಿಮಾನದಲ್ಲಿ ಸುಮಾರು 15 ಡಿಗ್ರಿ. ಅದು ದಾಟಿದರೆ ರೆಕ್ಕೆಯ ಬೆನ್ನಿಗೆ ಅಂಟಿಕೊಂಡು ಹರಿಯುತ್ತಿದ್ದ ಗಾಳಿ ಕಿತ್ತುಕೊಳ್ಳುತ್ತದೆ. ಎತ್ತುವ ಶಕ್ತಿ ಕುಸಿಯುತ್ತದೆ. ಇಂಜಿನ್ ಎಷ್ಟು ಬೇಕಾದರೂ ಅಬ್ಬರಿಸುತ್ತಿರಲಿ.

ಚಿಕ್ಕವನಿದ್ದಾಗ ಕೊಲ್ಹಾರ ಸೇತುವೆ ಮೇಲೆ ಬಸ್ಸಿನ ಕಿಟಕಿಯಿಂದ ಅಂಗೈ ಹೊರಗೆ ಚಾಚುತ್ತಿದ್ದೆ. ಕೃಷ್ಣೆ ಮೇಲಿನ ಗಾಳಿ ಗೊತ್ತಲ್ಲ. ಕೈ ಸ್ವಲ್ಪ ಓರೆ ಮಾಡಿದರೆ ಮೇಲೆ ಹಾರುತ್ತದೆ, ಇನ್ನೂ ಓರೆ ಮಾಡಿದರೆ ಒಂದು ಹಂತದಲ್ಲಿ ಎತ್ತುವುದು ಬಿಟ್ಟು ಹಿಂದಕ್ಕೆ ತಳ್ಳುತ್ತದೆ. ಕಂಡಕ್ಟರ್ ತಲೆಗೆ ಮೊಟಕಿದ್ದೂ ನೆನಪಿದೆ. ನೀವು ಮಾಡಬೇಡಿ.

ಎಡವುವ ಜಾಗ ಇದು: ಕೋನ ಅಂದರೆ ಮೂಗು ಎಷ್ಟು ಎದ್ದಿದೆ ಅಂತ ಅಲ್ಲ. ನಿಮ್ಮ ಹುಡುಗನ ರೊಟ್ಟಿಯನ್ನೇ ಮಾಳಿಗೆ ಮೇಲಿಂದ ಮಟ್ಟಸವಾಗಿ ಬಿಡಿ. ರೊಟ್ಟಿ ಮಟ್ಟಸವಾಗೇ ಇದೆ. ಆದರೆ ಅದಕ್ಕೆ ಗಾಳಿ ಬರುತ್ತಿರುವುದು ನೇರ ಕೆಳಗಿನಿಂದ. ಕೋನ 90 ಡಿಗ್ರಿ! ಒಳಗೆ ಕೂತವನಿಗೆ ಮೂಗು, ರೆಕ್ಕೆ ಎಲ್ಲಾ ನೆಟ್ಟಗೆ ಕಾಣುತ್ತದೆ. ಬೀಳುತ್ತಿರುವುದು ಮಾತ್ರ ಹೊರಗಿನವರಿಗೆ ಗೊತ್ತು.

ಖಡೇಬಜಾರ್

ಎಲ್ಲಾ ಕಂಪ್ಯೂಟರ್ ಕರಾಮತ್ತು. ಬಟನ್ ಒತ್ತಿ ಕೂತವರಿಗೆ ಹಾರಿಸುವುದೇ ಮರೆತಿದೆ. ಇಷ್ಟೇ ಕಥೆ.

ಬಲಸೀಟು

ವಿಜಯಪುರದವನು. ಎಟಿಆರ್‌ನಲ್ಲಿ ಕೋ ಪೈಲಟ್. ಎಟಿಆರ್ ಅಂದರೆ ಪ್ರೊಪೆಲ್ಲರ್ ಇರುವ ಸಣ್ಣ ಪ್ರಯಾಣಿಕ ವಿಮಾನ. ಯಾವ ಕಂಪನಿ ಅಂತ ಕೇಳಬೇಡಿ.

ಸಾಂಬ್ರಾಬೈಲು ಅವರೇ, ನಿಮ್ಮ ಅಳಿಯ ಸ್ಟಾಲ್ ಗುರುತಿಸಿಲ್ಲ. ಅವನೇ ಮಾಡಿದ್ದಾನೆ. ಇವತ್ತು ಸ್ಟಾಲ್ ಪಾಠ ಅಂತ ನೆಲದ ಮೇಲೇ ಹೇಳಿ ಕರೆದುಕೊಂಡು ಹೋಗಿರುತ್ತಾರೆ. ಹಗಲು, ದಿಗಂತ ಕಾಣುತ್ತದೆ, ಪಕ್ಕದಲ್ಲಿ ಗುರುಗಳು. ಹಾರ್ನ್ ಯಾವಾಗ ಕೂಗುತ್ತದೆ ಅಂತ ಕಾಯುತ್ತಾ ಕೂತಿರುತ್ತಾನೆ. ಗೊತ್ತಿರುವ ಪ್ರಶ್ನೆಗೆ ಉತ್ತರ ಬರೆದ ಹಾಗೆ.

ದೊಡ್ಡ ವಿಮಾನದವರಿಗೆ ಆಗ ಇಷ್ಟೂ ಇರಲಿಲ್ಲ. ಸಿಮ್ಯುಲೇಟರ್‌ನಲ್ಲಿ, ಅಂದರೆ ನೆಲದ ಮೇಲಿನ ನಕಲಿ ಕಾಕ್‌ಪಿಟ್‌ನಲ್ಲಿ, ಕಲಿಸುತ್ತಿದ್ದದ್ದು ಸ್ಟಾಲ್‌ನ ಹೊಸ್ತಿಲು ಮಾತ್ರ. ಅದೂ ಬಹುತೇಕ ಕಡಿಮೆ ಎತ್ತರದಲ್ಲಿ. ವಾರ್ನಿಂಗ್ ಬಂತಾ, ಫುಲ್ ಪವರ್ ಕೊಡು, ಎತ್ತರ ಕಳೆದುಕೊಳ್ಳಬೇಡ. 100 ಅಡಿಗಿಂತ ಜಾಸ್ತಿ ಇಳಿದರೆ ಪರೀಕ್ಷೆ ಮಾಡುವವರು ಮುಖ ಗಂಟಿಕ್ಕುತ್ತಿದ್ದರು. ಹಾಗಾಗಿ ಕೈ ಕಲಿತದ್ದು ಏನು? ಮೂಗು ಹಿಡಿದುಕೋ, ಇಳಿಸಬೇಡ. ನಿಜವಾದ ಸ್ಟಾಲ್‌ಗೆ ಬೇಕಾದದ್ದು ಇದರ ಉಲ್ಟಾ. ಮೊದಲು ಮೂಗು ಇಳಿಸು, ಎತ್ತರ ಹೋದರೆ ಹೋಗಲಿ.

447ರಲ್ಲಿ ಆದದ್ದು ಹೀಗೆ. ರಾತ್ರಿ, ಮೋಡ, 35,000 ಅಡಿ. ವೇಗ ಅಳೆಯುವ ಪಿಟೋಟ್ ಕೊಳವೆಗಳಲ್ಲಿ ಐಸ್ ಕಟ್ಟಿತು. 2 ಗಂಟೆ 10 ನಿಮಿಷ 5 ಸೆಕೆಂಡಿಗೆ ಆಟೋಪೈಲಟ್ ಕೈ ಬಿಟ್ಟಿತು. ಬಲಗಡೆಯ ಕೋ ಪೈಲಟ್ ಸ್ಟಿಕ್ ಎಳೆದ. ಏರ್‌ಬಸ್‌ನಲ್ಲಿ ಯೋಕ್ ಬದಲಿಗೆ ಇರುವ ಹಿಡಿ ಅದು. ವಿಮಾನ 38,000 ಅಡಿ ಹತ್ತಿರ ಹೋಗಿ ವೇಗ ಕಳೆದುಕೊಂಡಿತು. ಆ ಎತ್ತರದಲ್ಲಿ ಗಾಳಿ ತೆಳು, ಹಾರುವ ಕೋನಕ್ಕೂ ಸ್ಟಾಲ್ ಆಗುವ ಕೋನಕ್ಕೂ ನಡುವೆ ಇರುವ ಅಂತರವೇ ಸಣ್ಣದು. ವೇಗದ ಮೀಟರ್ ಒಂದು ನಿಮಿಷದೊಳಗೆ ಸರಿಯಾಯಿತು, ಆದರೆ ಅಷ್ಟರಲ್ಲಿ ಯಾರಿಗೂ ಯಾವ ಮೀಟರ್ ಮೇಲೂ ನಂಬಿಕೆ ಉಳಿದಿರಲಿಲ್ಲ.

ಕ್ಯಾಪ್ಟನ್ ಹಿಂದೆ ವಿಶ್ರಾಂತಿಯಲ್ಲಿದ್ದ. ಒಂದೂವರೆ ನಿಮಿಷದ ಮೇಲೆ ಓಡಿ ಬಂದ. ಬರುವ ಹೊತ್ತಿಗೆ ವಿಮಾನ ಮತ್ತೆ 35,000 ಅಡಿಯಲ್ಲಿತ್ತು, ಆದರೆ ಈಗ ಬೀಳುತ್ತಾ. ನಿಮಿಷಕ್ಕೆ ಸುಮಾರು 10,000 ಅಡಿ. ಮೂಗು ಮೇಲೆ, ಇಂಜಿನ್ ಹೆಚ್ಚುಕಡಿಮೆ ಫುಲ್, ರೆಕ್ಕೆಯ ಕೋನ 40 ಡಿಗ್ರಿ ದಾಟಿದೆ. ಮೇಷ್ಟ್ರ ರೊಟ್ಟಿ.

ಅಲ್ಲಿಯವರೆಗೆ 54 ಸೆಕೆಂಡ್ ಬಿಡದೆ ಕೂಗಿದ್ದ ವಾರ್ನಿಂಗ್ ಅವನು ಒಳಗೆ ಬಂದು ಕೆಲವೇ ಸೆಕೆಂಡಿಗೆ ನಿಂತುಹೋಯಿತು. ಯಾಕೆ ಗೊತ್ತಾ? ಅಳತೆಯ ವೇಗ 60 ನಾಟ್‌ಗಿಂತ (ಗಂಟೆಗೆ ಸುಮಾರು 110 ಕಿ.ಮೀ.) ಕೆಳಗೆ ಇಳಿದರೆ ಕೋನದ ಅಳತೆ ನಂಬಬಾರದು ಅಂತ ಕಂಪ್ಯೂಟರ್‌ಗೆ ಬರೆದಿದ್ದರು. ಹಾರುತ್ತಿರುವ ಎ330 ಅಷ್ಟು ನಿಧಾನ ಹೋಗುತ್ತದೆ ಅಂತ ಯಾರು ಅಂದುಕೊಂಡಾರು? ಇನ್ನು ಮೂಗು ಸ್ವಲ್ಪ ಇಳಿಸಿದರೆ ವೇಗ 60 ದಾಟುತ್ತದೆ, ವಾರ್ನಿಂಗ್ ಮತ್ತೆ ಶುರು. ಎಳೆದರೆ ಸುಮ್ಮನಾಗುತ್ತದೆ. ಕಳ್ಳ ಬಂದಾಗ ಸುಮ್ನೆ ಇದ್ದು ಮನೆಯವನು ಬಂದಾಗ ಬೊಗಳುವ ನಾಯಿ ಇದ್ದ ಹಾಗೆ. ಅಂಥ ನಾಯಿಯನ್ನು ನೀವು ಎಷ್ಟು ಹೊತ್ತು ನಂಬುತ್ತೀರಿ?

ಮೈಗೂ ಗೊತ್ತಾಗುವುದಿಲ್ಲ. ಒಂದೇ ವೇಗದಲ್ಲಿ ಇಳಿಯುವ ಲಿಫ್ಟ್‌ನಲ್ಲಿ ಕಣ್ಣು ಮುಚ್ಚಿದರೆ ನಿಂತ ಹಾಗೇ ಇರುತ್ತದೆ ಅಲ್ವಾ? ಹಾಗೇ. ಹೊರಗೆ ಕತ್ತಲು. ವಿಮಾನ ಕುಲುಕುತ್ತಿದೆ. ಕುಲುಕು ಅತಿ ವೇಗದಲ್ಲೂ ಬರುತ್ತದೆ, ಸ್ಟಾಲ್‌ನಲ್ಲೂ ಬರುತ್ತದೆ. ಅವರಿಗೆ ವೇಗ ಜಾಸ್ತಿಯಾಗಿದೆ ಅನ್ನಿಸಿರಬಹುದು ಅಂತ ತನಿಖೆ ಮಾಡಿದವರೂ ಬರೆದಿದ್ದಾರೆ. ಆಟೋಪೈಲಟ್ ಬಿಟ್ಟಾಗಿನಿಂದ ನೀರು ಮುಟ್ಟುವವರೆಗೆ ಒಟ್ಟು 4 ನಿಮಿಷ 23 ಸೆಕೆಂಡ್.

ಕಬ್ಬಿನಗಾಡಿ ಮುಧೋಳ

ವಿಮಾನ ಹತ್ತಿಲ್ಲ. ಆದರೆ ಕೈ ಉಲ್ಟಾ ಕೆಲಸ ಮಾಡುವುದು ನನಗೆ ಚೆನ್ನಾಗಿ ಗೊತ್ತು.

ಸೀಸನ್‌ನಲ್ಲಿ ಎರಡು ಟ್ರೇಲರ್ ಕಬ್ಬು ಎಳೆಯುತ್ತೇನೆ. ಹೊಲದಿಂದ ಡಾಂಬರು ರಸ್ತೆಗೆ ಹತ್ತುವ ಏರಿನಲ್ಲಿ ಟ್ರಾಕ್ಟರ್‌ನ ಮುಂದಿನ ಗಾಲಿ ಏಳುತ್ತದೆ. ಮೊದಲ ಸಲ ಎದ್ದಾಗ ಕಾಲು ತಾನಾಗಿ ಎಕ್ಸಲೇಟರ್ ಒತ್ತಿತು. ಇನ್ನಷ್ಟು ಎದ್ದಿತು. ಸ್ಟೇರಿಂಗ್ ಹಗುರ, ತಿರುಗಿಸಿದರೆ ಸುಮ್ನೆ ತಿರುಗುತ್ತದೆ, ಗಾಡಿ ತಿರುಗಲ್ಲ. ಹಿಂದೆ ಕೂತಿದ್ದ ಕಾಕಾ "ಕ್ಲಚ್ ತುಳಿಯೋ" ಅಂತ ಕೂಗಿದ್ದು ಕೇಳಿತು, ಆದರೆ ಕ್ಲಚ್ ಎಲ್ಲಿದೆ ಅಂತಲೇ ಹೊಳೆಯಲಿಲ್ಲ. ಹತ್ತು ವರ್ಷದಿಂದ ತುಳಿದ ಕ್ಲಚ್! ಕೊನೆಗೆ ಇಂಜಿನ್ ತಾನೇ ಬಂದ್ ಬಿದ್ದು ಗಾಲಿ ಧಡ್ ಅಂತ ನೆಲಕ್ಕೆ ಬಂತು. ಅದು ಬೈಕಿನ ಸ್ಟಾಲ್, ನನ್ನನ್ನು ಉಳಿಸಿದ ಸ್ಟಾಲ್.

ಬೀಳುತ್ತಿದೆ ಅನ್ನಿಸಿದಾಗ ಮೇಲೆ ಎಳೆಯುವುದೇ ಮನುಷ್ಯನ ಕೈ. ಬೀಳುವ ಮಗುವನ್ನು ಹಾಗೇ ಅಲ್ವಾ ಎಳೆಯುವುದು.

ಘಟಪ್ರಭಾದಂಡೆ

ಕಬ್ಬಿನಗಾಡಿ ಅವರೇ, ಒಂದು ತಕರಾರು. ನಿಮ್ಮ ಗಾಲಿ ಎದ್ದದ್ದು ನಿಮ್ಮ ಕಣ್ಣೆದುರಿಗೆ. ಏನಾಗಿದೆ ಗೊತ್ತಿತ್ತು, ಏನು ಮಾಡಬೇಕು ಅಂತ ಹೊಳೆಯಲಿಲ್ಲ. 447ರವರಿಗೆ ಏನಾಗಿದೆ ಅಂತಲೇ ಗೊತ್ತಿರಲಿಲ್ಲ. ಇವೆರಡೂ ಬೇರೆ ಕಾಯಿಲೆ.

ಗುಮ್ಮಟದ ನೆರಳು

ಬೇರೆ ಇರಬಹುದು ಸರ್, ಆದರೆ ಒಂದೇ ಮನೆಯವು. ನಾನು ವಿಜಯಪುರದಲ್ಲಿ ಐಸಿಯು ನರ್ಸ್. ಆಸ್ಪತ್ರೆ ಹೆಸರು ಬೇಡ.

ಒಂದು ರಾತ್ರಿ ಒಬ್ಬ ಪೇಷಂಟ್‌ಗೆ ಎದೆ ಒತ್ತುತ್ತಿದ್ದೆ. ಡಾಕ್ಟರ್ ಟ್ಯೂಬ್ ಹಾಕುತ್ತಿದ್ದರು. ಪಕ್ಕದ ಬೆಡ್‌ನ ಮಾನಿಟರ್ ಎರಡು ನಿಮಿಷ ಕೂಗಿದೆ. ನನ್ನ ಕಿವಿಯಿಂದ ನಾಲ್ಕಡಿ ದೂರ. ಆಮೇಲೆ ಸಿಸ್ಟರ್ ಕೇಳಿದಾಗ "ಇಲ್ಲ, ಕೂಗಿಲ್ಲ" ಅಂತ ದೇವರಾಣೆ ಮಾಡಿದೆ. ಮಾನಿಟರ್‌ನಲ್ಲಿ ರೆಕಾರ್ಡ್ ಇತ್ತು. ಪುಣ್ಯಕ್ಕೆ ವೈರ್ ಸಡಿಲ ಆಗಿದ್ದಷ್ಟೇ. ನಾನು ಸುಳ್ಳು ಹೇಳಿರಲಿಲ್ಲ. ನನಗೆ ಕೇಳಿಸಿರಲಿಲ್ಲ.

ತಲೆ ಒಂದರಲ್ಲೇ ಮುಳುಗಿದಾಗ ಮೊದಲು ಮುಚ್ಚುವುದು ಕಿವಿ. ಅದರ ಮೇಲೆ ನಮ್ಮ ವಾರ್ಡ್‌ನಲ್ಲಿ ದಿನಕ್ಕೆ ನೂರು ಸಲ ಸುಮ್ಮಸುಮ್ಮನೆ ಕೂಗುತ್ತದೆ. ಕೂಗಿದ್ದು ಕೇಳಿದರೂ "ಇದೂ ಅದೇ" ಅಂತ ಕೈ ತಾನಾಗಿ ಹೋಗಿ ಬಂದ್ ಮಾಡುತ್ತದೆ. ಆ ಮೂವರಿಗೂ "ಸ್ಟಾಲ್" ಅನ್ನುವ ಶಬ್ದ ಕೇಳಿರಲಿಕ್ಕಿಲ್ಲ ಅಂತ ನನ್ನ ಗುಮಾನಿ. ಕೇಳಿದ್ದರೂ ಅದು ಬರೀ ಗದ್ದಲ ಆಗಿತ್ತು.

ಖಡೇಬಜಾರ್

ಸರಿ, ಒಪ್ಪಿದೆ. ಆದರೆ ಏರ್‌ಬಸ್‌ನಲ್ಲಿ ಒಬ್ಬ ಸ್ಟಿಕ್ ಎಳೆದರೆ ಇನ್ನೊಬ್ಬನ ಸ್ಟಿಕ್ ಅಲುಗಾಡುವುದೇ ಇಲ್ಲವಂತೆ. ಪಕ್ಕದವನು ಏನು ಮಾಡುತ್ತಿದ್ದಾನೆ ಅಂತ ಹೇಗೆ ಗೊತ್ತಾಗಬೇಕು? ಮತ್ತೆ ಇಷ್ಟೆಲ್ಲಾ ಆ ಕೋನದ್ದೇ ಕಥೆ ಅಂದರೆ, ಕೋನ ತೋರಿಸುವ ಒಂದು ಮೀಟರ್ ಇಡುವುದಕ್ಕೆ ಏನು ರೋಗ?

ಬಲಸೀಟು

ಎರಡೂ ಒಳ್ಳೆ ಪ್ರಶ್ನೆ. ಎರಡನೆಯದಕ್ಕೆ ಮೊದಲು. ಬಹಳಷ್ಟು ಪ್ರಯಾಣಿಕ ವಿಮಾನಗಳಲ್ಲಿ ಕೋನ ಅಳೆಯುವ ಸೆನ್ಸರ್ ಇದೆ, ಪೈಲಟ್‌ಗೆ ಅದನ್ನು ನೇರ ತೋರಿಸುವ ಮೀಟರ್ ಇಲ್ಲ. ಫೈಟರ್ ಪೈಲಟ್‌ಗಳಿಗೆ ತೋರಿಸುತ್ತಾರೆ, ನಮಗಿಲ್ಲ. ವೇಗ ನೋಡಿ ನಾವು ಕೋನ ಊಹಿಸಬೇಕು. ಆ ವೇಗವೇ ಕೈ ಕೊಟ್ಟರೆ? 447ರ ತನಿಖೆ ಮಾಡಿದ ಫ್ರಾನ್ಸಿನ ಬಿಇಎ ಸಂಸ್ಥೆಯೂ ಇಂಥ ಮೀಟರ್ ಕಡ್ಡಾಯ ಮಾಡುವ ವಿಚಾರ ಪರಿಶೀಲಿಸಿ ಅಂತ ಶಿಫಾರಸು ಮಾಡಿತ್ತು. ನನ್ನ ವೋಟು ನಿಮಗೇ.

ಸ್ಟಿಕ್ ವಿಷಯದಲ್ಲಿ ಅರ್ಧ ಒಪ್ಪುತ್ತೇನೆ. ಅದೇ 2009ರ ಫೆಬ್ರವರಿ 12, ಅಮೆರಿಕದ ಬಫಲೋ ಹತ್ತಿರ ಕೋಲ್ಗನ್ 3407. ಕ್ಯೂ400, ನಮ್ಮ ಎಟಿಆರ್ ತರಹದ ಟರ್ಬೋಪ್ರಾಪ್. ಎರಡೂ ಕಾಲಂ, ಅಂದರೆ ಯೋಕ್ ಕೂತಿರುವ ಕಂಬ, ಒಂದಕ್ಕೊಂದು ಜೋಡಿಸಿದ್ದವು. ಇಳಿಯುವ ಸಿದ್ಧತೆಯಲ್ಲಿ ವೇಗ ಕರಗಿದ್ದನ್ನು ಇಬ್ಬರೂ ನೋಡಲಿಲ್ಲ. ಕಾಲಂ ಗಡಗಡ ನಡುಗಿತು. ಅದು ಸ್ಟಿಕ್ ಶೇಕರ್, ಕೈಗೆ ಹೇಳುವ ವಾರ್ನಿಂಗ್. ಆಗ ರೆಕ್ಕೆ ಇನ್ನೂ ಸ್ಟಾಲ್ ಆಗಿರಲಿಲ್ಲ. ಕ್ಯಾಪ್ಟನ್ ಎಳೆದು ಸ್ಟಾಲ್ ಮಾಡಿದ. ಮಷೀನ್ ಕಾಲಂ ಮುಂದಕ್ಕೆ ತಳ್ಳಿದರೆ ಅದರ ವಿರುದ್ಧವೂ ಎಳೆದ. ವಿಮಾನದಲ್ಲಿದ್ದ 49 ಜನ, ಅದು ಬಿದ್ದ ಮನೆಯಲ್ಲಿದ್ದ ಒಬ್ಬರು, ಒಟ್ಟು 50 ಸಾವು. ಇದು ನಮ್ಮ ಕಬ್ಬಿನಗಾಡಿಯವರ ಕಾಯಿಲೆ.

ಎಟಿಆರ್ ಮಾತು ಬಂತು ಅಂತ ಹೇಳುತ್ತೇನೆ. 2023ರ ಜನವರಿ 15, ನೇಪಾಳದ ಪೋಖರಾ. ಇಳಿಯುವಾಗ ರೆಕ್ಕೆಯ ಹಿಂದೆ ಚಾಚುವ ಫ್ಲಾಪ್‌ನ ಹಿಡಿ ಎಳೆಯುವ ಬದಲು ಪ್ರೊಪೆಲ್ಲರ್‌ಗಳ ಹಿಡಿ ಎಳೆದುಬಿಟ್ಟರು. ಎರಡೂ ಪ್ರೊಪೆಲ್ಲರ್‌ಗಳ ಎಳೆತ ಹೋಯಿತು. ಇಂಜಿನ್ ಓಡುತ್ತಲೇ ಇತ್ತು. 72 ಜನ. ಆ ವರದಿ ಓದಿದ ಮೇಲೆ ನಾನು ಹಿಡಿ ಮುಟ್ಟುವ ಮುಂಚೆ ಒಂದು ಕ್ಷಣ ಕೈ ಅಲ್ಲೇ ಇಟ್ಟು ನೋಡುತ್ತೇನೆ. ಪಕ್ಕದ ಕ್ಯಾಪ್ಟನ್ ನಗುತ್ತಾರೆ. ನಗಲಿ.

ನಿಪ್ಪಾಣಿ ನಾಕಾ

ಇಷ್ಟು ಜನ ಕೂತಿರುತ್ತಾರಲ್ಲ, ಒಬ್ಬರಾದರೂ ಬಾಯಿ ಬಿಟ್ಟು ಹೇಳಬಾರದಾ?

ಹಳೇ ಮೆಕ್ಯಾನಿಕ್

ಹೇಳಿದವರಿದ್ದಾರೆ ತಮ್ಮಾ. 2005ರ ಆಗಸ್ಟ್ 16, ವೆಸ್ಟ್ ಕೆರಿಬಿಯನ್ 708, ಎಂಡಿ 82, ವೆನೆಜುವೆಲಾ. 33,000 ಅಡಿ ಬಿಡಬಾರದು ಅಂತ ಆಟೋಪೈಲಟ್ ಸದ್ದಿಲ್ಲದೆ ಮೂಗು ಎತ್ತುತ್ತಾ ಹೋಯಿತು, ವೇಗ ಕರಗುತ್ತಾ ಹೋಯಿತು. ಕೋ ಪೈಲಟ್ ಇದು ಸ್ಟಾಲ್ ಅಂತ ಸರಿಯಾಗೇ ಹೇಳಿದ್ದ. ಕ್ಯಾಪ್ಟನ್ ತಲೆಯಲ್ಲಿ ಇಂಜಿನ್ ಬಂದ್ ಬಿದ್ದಿದೆ ಅನ್ನುವುದು ಕೂತಿತ್ತು. 160 ಜನ. ಸಾಹೇಬರು ಒಂದು ಸಲ ಹಾಗಲ್ಲ ಅಂದರೆ ಎರಡನೇ ಸಲ ಹೇಳುವುದು ಎಷ್ಟು ಕಷ್ಟ ಅಂತ ಸರ್ವಿಸ್‌ನಲ್ಲಿದ್ದವರಿಗೆ ಗೊತ್ತು. ನಾನು ಸಾಂಬ್ರಾದಲ್ಲೇ ಏರ್‌ಫೋರ್ಸ್ ಟ್ರೇನಿಂಗ್ ಮುಗಿಸಿದವನು.

ಮಾತು ಆಡಿದರೂ ಎಡವಟ್ಟು ಆಗುತ್ತದೆ. 2014ರ ಡಿಸೆಂಬರ್ 28, ಸುರಬಾಯಾದಿಂದ ಸಿಂಗಾಪುರಕ್ಕೆ ಹೊರಟ ಏರ್ ಏಷ್ಯಾ 8501. ಕ್ಯಾಪ್ಟನ್ ಇಂಗ್ಲಿಷಿನಲ್ಲಿ "ಪುಲ್ ಡೌನ್" ಅಂದ. ಮೂಗು ಕೆಳಗೆ ಮಾಡು ಅಂತ ಅವನ ಅರ್ಥ ಇರಬೇಕು. ಆದರೆ ಪುಲ್ ಅಂದರೆ ಎಳಿ, ಸ್ಟಿಕ್ ಎಳೆದರೆ ಮೂಗು ಮೇಲೆ. ಕೋ ಪೈಲಟ್ ಎಳೆಯುತ್ತಲೇ ಇದ್ದ. 162 ಜನ.

ಪಿಟೋಟ್ ಬಗ್ಗೆಯೂ ಒಂದು ಮಾತು. ಕಿರುಬೆರಳು ತೂರುವಷ್ಟೂ ದಪ್ಪ ಇಲ್ಲದ ತೂತು ಅದು. ಅದಕ್ಕೇ ನೆಲದ ಮೇಲೆ ಕೆಂಪು ರಿಬ್ಬನ್‌ನ ಮುಚ್ಚಳ ಹಾಕುತ್ತೇವೆ. ಮಳೆ ಮುಗಿದ ಮೇಲೆ ನಮ್ಮಲ್ಲಿ ಕುಂಬಾರ ಹುಳ ನಲ್ಲಿ ಬಾಯಲ್ಲೂ, ಕೀಲಿ ತೂತಿನಲ್ಲೂ ಮಣ್ಣಿನ ಗೂಡು ಕಟ್ಟುತ್ತದೆ, ನೋಡಿದ್ದೀರಲ್ಲ? 1996ರ ಫೆಬ್ರವರಿ 6, ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಬಿರ್ಗೆನ್‌ಏರ್ 301ರ ಪಿಟೋಟ್ ಮುಚ್ಚಿದ್ದು ಅಂಥದೇ ಹುಳ ಅಂತ ಅನುಮಾನ. ಕ್ಯಾಪ್ಟನ್ ಮೀಟರ್‌ನಲ್ಲಿ ವೇಗ ಏರುತ್ತಲೇ ಹೋಯಿತು. ವೇಗ ಜಾಸ್ತಿ ಅಂತ ಒಂದು ವಾರ್ನಿಂಗ್, ಸ್ಟಾಲ್ ಅಂತ ಕಾಲಂ ನಡುಕ, ಎರಡೂ ಒಟ್ಟಿಗೆ! ಯಾವುದನ್ನು ನಂಬಬೇಕು? 189 ಜನ.

1974ರಲ್ಲೇ ನಾರ್ತ್‌ವೆಸ್ಟ್‌ನ ಒಂದು 727ಗೆ ಹೀಗೇ ಆಗಿತ್ತು. ಪಿಟೋಟ್ ಹೀಟರ್ ಸ್ವಿಚ್ ಹಾಕಿರಲಿಲ್ಲ, ಐಸ್ ಕಟ್ಟಿತು, ಸ್ಟಾಲ್‌ನ ನಡುಕವನ್ನು ಅತಿ ವೇಗದ ನಡುಕ ಅಂದುಕೊಂಡು ಇನ್ನೂ ಎಳೆದರು. ಖಡೇಬಜಾರ್ ಅವರೇ, ಆ ವಿಮಾನದಲ್ಲಿ ನೀವು ಬೈಯುವ ಕಂಪ್ಯೂಟರ್ ಇರಲಿಲ್ಲ.

ಖಡೇಬಜಾರ್

ಸೋತೆ. ಕುಂದಾ ನನ್ನ ಲೆಕ್ಕ.

ಬಲಸೀಟು

ಈಗ ಪಾಠ ಬದಲಾಗಿದೆ ಅಂತಲೂ ಹೇಳಬೇಕು. ಈಗ ಮೊದಲ ಮಾತೇ ಕೋನ ಇಳಿಸು. ಅಮೆರಿಕದಲ್ಲಿ 2019ರ ಮಾರ್ಚ್‌ನಿಂದ ಪೂರ್ತಿ ಸ್ಟಾಲ್ ಅನ್ನೇ ಸಿಮ್ಯುಲೇಟರ್‌ನಲ್ಲಿ ಕಲಿಸುವುದು ಕಡ್ಡಾಯ. ಬರೀ ಹೊಸ್ತಿಲಲ್ಲ. ಮುಂಚೆ ಸಿಮ್ಯುಲೇಟರ್‌ಗೆ ಸ್ಟಾಲ್ ಆದ ಮೇಲೆ ವಿಮಾನ ಹೇಗೆ ನಡೆದುಕೊಳ್ಳುತ್ತದೆ ಅಂತಲೇ ಸರಿಯಾಗಿ ಗೊತ್ತಿರಲಿಲ್ಲ. ಆದರೂ ಸಿಮ್ಯುಲೇಟರ್‌ಗೆ ಹತ್ತುವಾಗ ಇವತ್ತು ಏನೋ ಒಂದು ಕೆಡಿಸುತ್ತಾರೆ ಅಂತ ಗೊತ್ತಿರುತ್ತದೆ. ಎದೆ ಗಟ್ಟಿ ಮಾಡಿಕೊಂಡೇ ಹೋಗಿರುತ್ತೇವೆ. ನಡುರಾತ್ರಿ, ಊಟ ಆಗಿ, ಎಲ್ಲಾ ಸರಿ ಇರುವಾಗ ಬರುವ ಬೆಚ್ಚು ಅಲ್ಲಿ ಬರುವುದಿಲ್ಲ.

ಸಾಂಬ್ರಾಬೈಲು

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಮಳೆ, ಹಾರಾಟ ಇಲ್ಲ. ಅಳಿಯ ಮನೆಯಲ್ಲೇ ಇದ್ದ. ಇದನ್ನೆಲ್ಲಾ ಓದಿಸಿದೆ. ಒಂದೂ ಮಾತಾಡದೆ ಓದಿದ. ಆಮೇಲೆ ಹೇಳಿದ್ದು ಇದು.

ಹೋದ ವಾರ ಗುರುಗಳು "ಕಣ್ಣು ಮುಚ್ಚು, ತಲೆ ತಗ್ಗಿಸು" ಅಂದರಂತೆ. ವಿಮಾನವನ್ನು ಅಲ್ಲಿ ಇಲ್ಲಿ ತಿರುಗಿಸಿ, ಎತ್ತಿ, ಇಳಿಸಿ, ಅರ್ಧ ನಿಮಿಷ ಆದ ಮೇಲೆ "ಈಗ ವಿಮಾನ ಹೇಗಿದೆ ಹೇಳು, ಕಣ್ಣು ತೆರೆಯಬೇಡ" ಅಂದರು. ಇವನು ಧೈರ್ಯವಾಗಿ "ನೆಟ್ಟಗಿದೆ ಸರ್, ಸ್ವಲ್ಪ ಮೂಗು ಕೆಳಗೆ" ಅಂದ. ತೆರೆದು ನೋಡಿದರೆ ಎಡಕ್ಕೆ ವಾಲಿತ್ತು. ಮೂಗು ಮೇಲಿತ್ತು. ಮುಂದಿನ ಗಾಜಿನಲ್ಲಿ ಬರೀ ಮೋಡ.

"ನೀನು ಏನು ಮಾಡಿದೆ?" ಅಂತ ಕೇಳಿದೆ.

"ಎಳೆದೆ ಮಾಮಾ" ಅಂದ. "ಹಾರ್ನ್ ಕೂಗಿತು. ಗುರುಗಳು ನನ್ನ ಕೈ ಮೇಲೆ ಕೈ ಇಟ್ಟು ಮುಂದೆ ತಳ್ಳಿದರು."

ಭಾನುವಾರ ಊಟಕ್ಕೆ ಬಂದಾಗ ಇದನ್ನು ಮಾತ್ರ ಹೇಳಿರಲಿಲ್ಲ.